ಸ್ಪೇನಿನ ಪುಟ್ಟ ತಾಪಾಸ್ ಬಾರ್: ಯಾವ ಊರಿನದು ನಿಮಗೆ ಹೊಂದುತ್ತದೆ?

ಸ್ಪೇನಿಗೆ ಹೊರಟವರು ಸಾಮಾನ್ಯವಾಗಿ ಕೇಳುವುದು "ಒಳ್ಳೆ ತಾಪಾಸ್ ಬಾರ್ ಯಾವುದು ಹೇಳಿ" ಅಂತ. ತಾಪಾಸ್ ಅಂದರೆ ಬಾರಿನಲ್ಲಿ ಲೋಟದ ಜೊತೆ ತಿನ್ನುವ ಪುಟ್ಟ ತಟ್ಟೆಯ ತಿಂಡಿಗಳು. ಬಾರಿನ ಹೆಸರು ಹೇಳುವುದೇನೋ ಸುಲಭ. ಆದರೆ ತಾಪಾಸ್ ಪದ್ಧತಿ ಎಲ್ಲ ಊರಲ್ಲೂ ಒಂದೇ ಥರ ಇಲ್ಲ. ಗ್ರನಾಡಾದಲ್ಲಿ ನಿಮ್ಮ ತಟ್ಟೆಗೆ ಏನು ಬರಬೇಕೆಂದು ಬಾರಿನವರೇ ತೀರ್ಮಾನಿಸುತ್ತಾರೆ. ಸೆವಿಲ್‌ನಲ್ಲಿ ಪಟ್ಟಿ ನೋಡಿ ನೀವು ಹೇಳಬೇಕು. ಸಾನ್ ಸೆಬಾಸ್ಟಿಯನ್‌ನಲ್ಲಿ ಬಹಳಷ್ಟನ್ನು ಕೌಂಟರ್ ಮೇಲೆ ಜೋಡಿಸಿಟ್ಟಿರುತ್ತಾರೆ, ಕಣ್ಣಿಗೆ ಹಿಡಿಸಿದ್ದನ್ನು ಬೆರಳಿಟ್ಟು ತೋರಿಸಿದರೆ ಆಯಿತು. ಲೊಗ್ರೋನ್ಯೋದಲ್ಲಿ ಒಂದೊಂದು ಬಾರು ಒಂದೊಂದು ತಿಂಡಿಗೆ ಹೆಸರುವಾಸಿ, ಅದನ್ನು ತಿಂದು ಮುಂದಿನ ಬಾಗಿಲಿಗೆ ಹೋಗಬೇಕು.

ಹಾಗಾಗಿ ಮೊದಲು ಊರಿನ ಪದ್ಧತಿ ನೋಡಿ, ಆಮೇಲೆ ಬಾರು. ಮಾಂಸ, ಮೀನು ತಿನ್ನದವರಿಗಂತೂ ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಸಂಜೆಯೇ ಹಾಳು. ನಮ್ಮಲ್ಲಿ ಸಸ್ಯಾಹಾರಿಗಳು ಬಹಳ ಜನ ಇರುವುದರಿಂದ ಪ್ರತಿ ಊರಿಗೂ ಆ ಮಾತನ್ನು ಸೇರಿಸಿದ್ದೇನೆ.

ಮೊದಲು ಹೊತ್ತು

ಯಾವ ಊರಾದರೂ ಸರಿ, ಹೊತ್ತು ತಪ್ಪಿದರೆ ಒಳ್ಳೆಯ ಬಾರೂ ಸಪ್ಪೆ. ಅಲ್ಲಿ ಮಧ್ಯಾಹ್ನದ ಊಟ 2 ಗಂಟೆಯ ಮೇಲೆ. ರಾತ್ರಿ ಊಟ 9ರ ಮೇಲೆ. ಬಾರಿಗೆ ಹೋಗಲು ಒಳ್ಳೆಯ ಸಮಯ ಮಧ್ಯಾಹ್ನ 1ರಿಂದ 3, ರಾತ್ರಿ 8ರಿಂದ 10. ಸಂಜೆ 5-6ಕ್ಕೆ ಹಸಿವಾಗುವುದು ನಮ್ಮ ಅಭ್ಯಾಸ. ಆ ಹೊತ್ತಿಗೆ ಎಷ್ಟೋ ಬಾರುಗಳಲ್ಲಿ ಅಡುಗೆಮನೆ ಮುಚ್ಚಿರುತ್ತದೆ, ಮಧ್ಯಾಹ್ನ ಮಿಕ್ಕ ತಣ್ಣನೆಯ ತಿಂಡಿ ಮಾತ್ರ ಸಿಗುತ್ತದೆ. ಸಂಜೆ ಒಂದು ಕಾಫಿ ಕುಡಿದು ಹೇಗಾದರೂ 8ರವರೆಗೆ ತಳ್ಳಿ. ಭಾನುವಾರ ರಾತ್ರಿ ಮತ್ತು ಸೋಮವಾರ ಬಾಗಿಲು ಹಾಕುವ ಬಾರುಗಳೂ ಬಹಳ ಇವೆ.

ಬಾರ್ ಅಂದಕೂಡಲೇ ಮನೆಮಂದಿಯನ್ನು ಕರೆದುಕೊಂಡು ಹೋಗಲು ನಮಗೆ ಸ್ವಲ್ಪ ಹಿಂಜರಿಕೆ ಅಲ್ವಾ? ಅಲ್ಲಿ ಅದು ಬೇಡ. ಅಜ್ಜಿ, ಮೊಮ್ಮಗು, ಆಫೀಸಿನಿಂದ ಬಂದವರು ಎಲ್ಲ ಒಂದೇ ಕೌಂಟರಿನ ಪಕ್ಕ ನಿಂತಿರುತ್ತಾರೆ. ಕುಡಿದು ತೂರಾಡುವವರು ಕಡಿಮೆ, ಯಾಕೆಂದರೆ ಲೋಟ ಚಿಕ್ಕದು, ಜೊತೆಗೆ ತಿಂಡಿ ಇದ್ದೇ ಇರುತ್ತದೆ. 2011ರಿಂದ ಬಾರಿನ ಒಳಗೆ ಸಿಗರೇಟು ಸೇದುವಂತಿಲ್ಲ. ಹೊರಗಿನ ಮೇಜುಗಳಲ್ಲಿ ಸೇದುವವರು ಸಿಗುತ್ತಾರೆ. ಮಗು ಜೊತೆಗಿದ್ದರೆ ಒಳಗೇ ಜಾಗ ಹುಡುಕಿ.

ಹೊರಗಿನ ಮೇಜಿಗೆ ಕೆಲವು ಕಡೆ ದರವೂ ಜಾಸ್ತಿ. ಒಂದೇ ಬಾರಿನಲ್ಲಿ ಕೌಂಟರಿಗೊಂದು, ಹೊರಗೆ ಕೂತರೆ ಇನ್ನೊಂದು ದರ ಇರಬಹುದು. ಮೆನುವಿನ ಮೂಲೆಯಲ್ಲಿ 'ತೆರ್ರಾಸಾ' ಅಂತ ಬರೆದ ಸಾಲು ಕಂಡರೆ ಓದಿ ನೋಡಿ.

ಸೆವಿಲ್: ಮೊದಲ ಸಲ ಹೋಗುವವರಿಗೆ ನನ್ನ ಆಯ್ಕೆ

ನೇರವಾಗಿ ಹೇಳುತ್ತೇನೆ, ಮೊದಲ ಸಲ ಹೋಗುವ ಸಸ್ಯಾಹಾರಿಗೆ ಸೆವಿಲ್‌ಗಿಂತ ಒಳ್ಳೆಯ ಊರು ಇಲ್ಲ. ಇಲ್ಲಿ ತಿಂಡಿಗೆ ದುಡ್ಡು ಕೊಡಬೇಕು, ಸುಮಾರು 3ರಿಂದ 5 ಯೂರೋ. ಆದರೆ ಪಟ್ಟಿ ನಿಮ್ಮ ಕೈಯಲ್ಲೇ ಇರುತ್ತದೆ. ಏನು ಬೇಕು, ಎಷ್ಟು ಬೇಕು ಎರಡನ್ನೂ ನೀವೇ ಹೇಳಬಹುದು. ಒಂದೇ ಪದಾರ್ಥ ಮೂರು ಅಳತೆಯಲ್ಲಿ ಸಿಗುತ್ತದೆ. ಚಿಕ್ಕ ತಟ್ಟೆ 'ತಾಪಾ', ಅರ್ಧ ತಟ್ಟೆ 'ಮೇದಿಯಾ ರಾಸಿಯೋನ್', ಪೂರ್ತಿ ತಟ್ಟೆ 'ರಾಸಿಯೋನ್'. ಇಬ್ಬರೇ ಇದ್ದರೆ ತಾಪಾ ಅಳತೆಯಲ್ಲೇ ನಾಲ್ಕೈದು ಬಗೆ ರುಚಿ ನೋಡಬಹುದು. ದೊಡ್ಡ ಮೇಜಿನಲ್ಲಿ ಕೂತವರಿಗೆ ಕೆಲವು ಕಡೆ ತಾಪಾ ಅಳತೆ ಕೊಡುವುದಿಲ್ಲ, ಅದು ಕೌಂಟರಿನಲ್ಲಿ ನಿಂತವರಿಗೆ ಮಾತ್ರ. ನಿಲ್ಲುವುದಕ್ಕೆ ಬೇಸರಪಡಬೇಡಿ.

ಇಲ್ಲಿ ತಪ್ಪಿಸಬಾರದ ತಟ್ಟೆ 'ಎಸ್ಪಿನಾಕಾಸ್ ಕೋನ್ ಗಾರ್ಬಾನ್ಸೋಸ್'. ಪಾಲಕ್, ಕಾಬೂಲಿ ಕಡಲೆ, ಬೆಳ್ಳುಳ್ಳಿ, ಜೀರಿಗೆ, ಹೊಗೆಯ ಘಮದ ಕೆಂಪು ಮೆಣಸಿನ ಪುಡಿ, ಗಟ್ಟಿಯಾಗಲು ಕರಿದ ಬ್ರೆಡ್ಡಿನ ಪುಡಿ. ಆಲಿವ್ ಎಣ್ಣೆ ಅಂಚಿನಲ್ಲಿ ತೇಲುತ್ತಿರುತ್ತದೆ. ಪರದೇಶದಲ್ಲಿ ನಾಲ್ಕು ದಿನ ಚೀಸ್, ಬ್ರೆಡ್ಡೇ ತಿಂದು ಬಾಯಿ ಕೆಟ್ಟಿರುವಾಗ ಜೀರಿಗೆ ಘಮದ ಈ ತಟ್ಟೆ ಮುಂದೆ ಬಂದರೆ ಆಗುವ ಸಂತೋಷ ಸಣ್ಣದಲ್ಲ. ಇದರಲ್ಲಿ ಸಾಮಾನ್ಯವಾಗಿ ಮಾಂಸ ಇರುವುದಿಲ್ಲ. ಆದರೂ ಒಂದು ಮಾತು ಕೇಳಿಯೇ ಹೇಳಿ.

ಎರಡನೆಯದು ಬದನೆಕಾಯಿ. ಉದ್ದಕ್ಕೆ ಅಥವಾ ಬಿಲ್ಲೆಯಾಗಿ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ ಕರಿದು, ಮೇಲೆ 'ಮಿಯೆಲ್ ದೆ ಕಾನ್ಯಾ' ಸುರಿಯುತ್ತಾರೆ. ಕಬ್ಬಿನ ರಸ ಕಾಯಿಸಿ ಮಾಡಿದ ಕಪ್ಪು ಪಾಕ ಅದು, ಮಲಾಗಾ ಪ್ರಾಂತ್ಯದ ಫ್ರಿಹಿಲಿಯಾನಾದಲ್ಲಿ ಇವತ್ತಿಗೂ ತಯಾರಾಗುತ್ತದೆ. ಮಲೆನಾಡಿನ ಜೋನಿ ಬೆಲ್ಲ ನೆಕ್ಕಿದವರಿಗೆ ಈ ರುಚಿ ತಕ್ಷಣ ಗುರುತು ಸಿಗುತ್ತದೆ. ಒಂದೇ ಎಚ್ಚರಿಕೆ, ಬದನೆಯನ್ನು ಮೀನು ಕರಿದ ಎಣ್ಣೆಯಲ್ಲೇ ಕರಿಯುವ ಬಾರುಗಳು ಬಹಳ. ಅದು ಆಗದು ಅನ್ನುವವರು ಕರಿದ ತಿಂಡಿಗಳನ್ನೇ ಬಿಟ್ಟುಬಿಡುವುದು ಒಳ್ಳೆಯದು.

ಮೂರನೆಯದು ಸಾಲ್ಮೋರೆಹೋ. ಟೊಮೆಟೊ, ಬ್ರೆಡ್, ಬೆಳ್ಳುಳ್ಳಿ, ಆಲಿವ್ ಎಣ್ಣೆ ಎಲ್ಲ ರುಬ್ಬಿದ ಗಟ್ಟಿಯಾದ ತಣ್ಣನೆಯ ಸೂಪು, ಮೂಲ ಕಾರ್ಡೋಬಾದ್ದು. ಇದರ ಮೇಲೆ ಬೇಯಿಸಿದ ಮೊಟ್ಟೆಯನ್ನೂ ಹಂದಿಮಾಂಸದ ಹಾಮೋನ್ ಚೂರುಗಳನ್ನೂ ಉದುರಿಸಿ ಕೊಡುವುದು ರೂಢಿ. ಆರ್ಡರ್ ಮಾಡುವಾಗಲೇ "ಸಿನ್ ಹಾಮೋನ್" ಅನ್ನಿ, ಮೊಟ್ಟೆಯೂ ಬೇಡವಾದರೆ "ಸಿನ್ ವೇವೋ" ಸೇರಿಸಿ.

ಬಾರ್ ಅಂದರೆ ಎಲ್ ರಿಂಕೋನ್ಸಿಯೋ ನೋಡಬೇಕು. 1670ರಿಂದ ಇದೆ ಎಂದು ಬಾಗಿಲಲ್ಲೇ ಹೇಳಿಕೊಂಡಿರುವ ಹಳೆಯ ಜಾಗ. ಕಪ್ಪು ಮರದ ಕೌಂಟರು, ಮೇಲೆ ಸಾಲಾಗಿ ನೇತುಹಾಕಿದ ಹಾಮೋನ್ ತೊಡೆಗಳು. (ಆ ನೋಟ ಕೆಲವರಿಗೆ ಕಷ್ಟವಾಗಬಹುದು. ಆದರೆ ಸ್ಪೇನಿನ ಹಳೇ ಬಾರುಗಳಲ್ಲಿ ಅದನ್ನು ತಪ್ಪಿಸಿಕೊಳ್ಳುವುದು ಕಷ್ಟ.) ನೀವು ಒಂದು ಲೋಟ ತಗೊಂಡ ಕೂಡಲೇ ಕೌಂಟರಿನವರು ಸೀಮೆಸುಣ್ಣದಿಂದ ನಿಮ್ಮ ಮುಂದಿನ ಮರದ ಮೇಲೇ ಬೆಲೆ ಬರೆಯುತ್ತಾರೆ. ಪಾಲಕ್ ಬಂತು, ಕೆಳಗೆ ಇನ್ನೊಂದು ಅಂಕಿ. ಹೊರಡುವಾಗ ಅಲ್ಲೇ ಗೆರೆ ಎಳೆದು ಕೂಡಿ ಮೊತ್ತ ಹೇಳಿ, ದುಡ್ಡು ತಗೊಂಡು, ಬಟ್ಟೆಯಿಂದ ಒರೆಸಿಬಿಡುತ್ತಾರೆ. ಲೆಕ್ಕ ಪೂರ್ತಿ ನಿಮ್ಮ ಕಣ್ಣೆದುರೇ ಇರುವುದರಿಂದ ಭಾಷೆ ಬಾರದವರಿಗೂ ಗಾಬರಿಯಿಲ್ಲ. ಆದರೆ ಮೊಣಕೈಯನ್ನು ಆ ಅಂಕಿಗಳ ಮೇಲೆ ಊರಬೇಡಿ.

ಕುಡಿಯುವವರು ಇಲ್ಲಿ ಬಿಯರ್ ಬಿಟ್ಟು ಫೀನೋ ಅಥವಾ ಮಂಸಾನಿಯಾ ಕೇಳಿ. ಎರಡೂ ಶೆರಿ ವೈನ್, ಹತ್ತಿರದ ಹೆರೆಸ್ ಮತ್ತು ಸಾನ್‌ಲೂಕರ್ ಕಡೆಯವು. ಸಿಹಿ ಒಂದು ಚೂರೂ ಇಲ್ಲ, ಬಾದಾಮಿ ಮತ್ತು ಉಪ್ಪಿನ ನೆನಪು ತರುವ ರುಚಿ, ಚೆನ್ನಾಗಿ ತಣ್ಣಗಿರಬೇಕು. ಆಲ್ಕೋಹಾಲ್ ಶೇ. 15ರ ಆಸುಪಾಸು, ಅಂದರೆ ಸಾಮಾನ್ಯ ವೈನಿಗಿಂತ ಸ್ವಲ್ಪ ಜೋರು. ಬಿಸಿಲಲ್ಲಿ ನಡೆದು ಬಂದು ಖಾಲಿ ಹೊಟ್ಟೆಗೆ ಗಟಗಟ ಕುಡಿಯುವಂಥದ್ದಲ್ಲ.

ಒಂದೇ ದೋಷ ಹವೆ. ಜುಲೈ, ಆಗಸ್ಟ್‌ನಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಊರಿನವರೇ ಸಮುದ್ರದ ಕಡೆ ಹೋಗಿರುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಈಸ್ಟರ್ ವಾರ, ಆಮೇಲೆ ಫೆರಿಯಾ ಜಾತ್ರೆ ಇರುವಾಗ ಕಾಲಿಡಲು ಜಾಗ ಇರುವುದಿಲ್ಲ. ಅಕ್ಟೋಬರ್, ನವೆಂಬರ್ ಚೆನ್ನ.

ಗ್ರನಾಡಾ: ತಿಂಡಿ ಉಚಿತ, ಆಯ್ಕೆ ಅವರದು

ಇಲ್ಲಿ ಒಂದು ಬಿಯರ್ ತಗೊಂಡರೆ ಜೊತೆಗೆ ತಿಂಡಿ ಪುಕ್ಕಟೆ. ಸುಮಾರು 3 ಯೂರೋ ಕೊಟ್ಟರೆ ಲೋಟವೂ ಬಂತು, ತಟ್ಟೆಯೂ ಬಂತು. ಎರಡನೇ ಲೋಟಕ್ಕೆ ಬೇರೆ ತಿಂಡಿ, ಮೂರನೆಯದಕ್ಕೆ ಮತ್ತೊಂದು. ಒಂದೇ ಬಾರಿನಲ್ಲಿ ನಿಂತರೆ ತಟ್ಟೆ ಬರಬರುತ್ತಾ ಚೆನ್ನಾಗುತ್ತಾ ಹೋಗುವುದೂ ಉಂಟು. ವಿದ್ಯಾರ್ಥಿಗಳ ಊರು. ಮೂರು ಲೋಟದಲ್ಲಿ ರಾತ್ರಿ ಊಟ ಮುಗಿಸುವವರನ್ನು ಎಲ್ಲೆಲ್ಲೂ ಕಾಣಬಹುದು.

ಖರ್ಚು ಕಡಿಮೆ ಇರಬೇಕು, ಏನು ಬಂದರೂ ತಿನ್ನುತ್ತೇನೆ ಅನ್ನುವವರಿಗೆ ಗ್ರನಾಡಾ ಹೇಳಿ ಮಾಡಿಸಿದ ಊರು. ಕರಿದ ಸಮುದ್ರದ ಮೀನು ಬೇಕೆಂದರೆ ಲೋಸ್ ದಿಯಾಮಾಂತೆಸ್, ಹಳೇ ಪೀಪಾಯಿ, ವೆರ್ಮುತ್ (ಗಿಡಮೂಲಿಕೆ ಬೆರೆಸಿದ ವೈನ್), ಚೀಸ್ ಬೇಕೆಂದರೆ ಬೋದೇಗಾಸ್ ಕಾಸ್ತಾನ್ಯೇದಾ. ನಾವಾಸ್ ಬೀದಿಯಲ್ಲಿ ಪ್ರವಾಸಿಗಳ ನೂಕುನುಗ್ಗಲು. ಸ್ವಲ್ಪ ಆಚೆ ರೆಯಾಲೇಹೋ ಬಡಾವಣೆಯ ಕಡೆ ನಡೆದರೆ ಊರಿನವರ ಬಾರುಗಳು ಸಿಗುತ್ತವೆ.

ಸಸ್ಯಾಹಾರಿಗಳಿಗೆ ಇಲ್ಲಿ ಜಾಗ್ರತೆ ಬೇಕು. ತಟ್ಟೆ ಬಂದಮೇಲೆ "ಇದು ಬೇಡ" ಅಂದರೆ ಇಬ್ಬರಿಗೂ ಮುಜುಗರ. ಲೋಟ ಕೇಳುವಾಗಲೇ ಹೇಳಬೇಕು. "ವೆಜಿಟೇರಿಯನ್" ಅಂದರೆ ಸಾಲದು. ಮಾಂಸ ಬೇಡ ಅಂದರೆ ಟ್ಯೂನಾ ಮೀನು ಹಾಕಿ ಕೊಡುವವರಿದ್ದಾರೆ, ಹಾಮೋನ್ ಚೂರುಗಳನ್ನು ಮಾಂಸ ಅಂತ ಲೆಕ್ಕಕ್ಕೇ ತೆಗೆದುಕೊಳ್ಳದವರೂ ಇದ್ದಾರೆ. ಅವರಿಗೆ ಕೆಟ್ಟ ಉದ್ದೇಶವಿಲ್ಲ, ಅಲ್ಲಿನ ಅಡುಗೆಯ ಅಭ್ಯಾಸವೇ ಹಾಗೆ. ಹಾಗಾಗಿ "ಸಿನ್ ಕಾರ್ನೆ, ಸಿನ್ ಪೆಸ್ಕಾದೋ, ಸಿನ್ ಹಾಮೋನ್" ಎಂದು ಮೂರನ್ನೂ ಹೇಳಿ, ಅಂದರೆ ಮಾಂಸ, ಮೀನು, ಹಾಮೋನ್ ಯಾವುದೂ ಬೇಡ. ಆಗ ಸಾಮಾನ್ಯವಾಗಿ ಆಲೂಗಡ್ಡೆ ತೋರ್ತಿಯಾ (ಮೊಟ್ಟೆಯ ದಪ್ಪ ಆಮ್ಲೆಟ್), ಚೀಸ್, ಆಲಿವ್ ಇಂಥದ್ದು ಬರುತ್ತದೆ. ಮೊಟ್ಟೆಯನ್ನೂ ತಿನ್ನದವರಿಗೆ ಉಳಿಯುವುದು ಇನ್ನೂ ಕಡಿಮೆ. ಅಂಥವರು ಉಚಿತದ ಆಸೆ ಬಿಟ್ಟು ಮೆನುವಿನಿಂದ ಒಂದು ತಟ್ಟೆ ಬದನೆಕಾಯಿ ಹೇಳಿಬಿಡುವುದು ವಾಸಿ.

ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ದಾರಿ ಅಲ್ಮೆರಿಯಾ. ಗ್ರನಾಡಾದ ಪೂರ್ವಕ್ಕೆ, ಸಮುದ್ರದ ಪಕ್ಕದ ಊರು. ಇಲ್ಲೂ ಲೋಟದ ಜೊತೆ ತಿಂಡಿ ಬರುತ್ತದೆ, ಆದರೆ ಪಟ್ಟಿಯಿಂದ ನೀವೇ ಆರಿಸಬಹುದು! 1870ರ ಕಾಸಾ ಪೂಗಾ ಇಲ್ಲಿನ ಹಳೆಯ ಬಾರು. ದುಡ್ಡೂ ಉಳಿಯಬೇಕು, ಆಯ್ಕೆಯೂ ಬೇಕು ಅನ್ನುವ ಸಸ್ಯಾಹಾರಿಗೆ ಗ್ರನಾಡಾಗಿಂತ ಇದೇ ಮೇಲು. ನೋಡಲು ಆಲ್‌ಹಾಂಬ್ರಾದಂಥ ಅರಮನೆ ಇಲ್ಲ ಅನ್ನುವುದೊಂದೇ ಕೊರತೆ.

ಕುಡಿಯದವರು ಹಿಂಜರಿಯಬೇಡಿ. ಕೋಲಾ, ಆಲ್ಕೋಹಾಲ್ ಇಲ್ಲದ ಬಿಯರ್, ದ್ರಾಕ್ಷಿ ರಸದ 'ಮೋಸ್ತೋ' ಯಾವುದು ತಗೊಂಡರೂ ತಿಂಡಿ ಬರುತ್ತದೆ. ಕಾಫಿಗೆ ಮಾತ್ರ ಬರುವುದಿಲ್ಲ.

ಸಾನ್ ಸೆಬಾಸ್ಟಿಯನ್: ಮೀನು ತಿನ್ನುವವರ ಸ್ವರ್ಗ

ಉತ್ತರದ ಬಾಸ್ಕ್ ನಾಡಿನಲ್ಲಿ ತಾಪಾಗೆ ಪಿಂಚೋ ಅನ್ನುತ್ತಾರೆ. ಹಳೇ ಪೇಟೆಯಲ್ಲಿ ನೂರು ಹೆಜ್ಜೆ ನಡೆದರೆ ಹತ್ತು ಬಾರು ಸಿಗುತ್ತವೆ. ರುಚಿಯ ವಿಷಯದಲ್ಲಿ ಇಡೀ ಸ್ಪೇನಿಗೆ ಇದೇ ಮೊದಲು ಅಂತ ನನ್ನ ಅಭಿಪ್ರಾಯ. ಬೆಲೆಯೂ ಹಾಗೇ. ಒಂದು ಪಿಂಚೋಗೆ 3ರಿಂದ 5 ಯೂರೋ, ಎರಡು ತುತ್ತಿಗೆ ಮುಗಿದುಹೋಗುತ್ತದೆ, ಐದಾರು ತಿಂದರಷ್ಟೇ ಹೊಟ್ಟೆ ತುಂಬುವುದು. ಕೈಬಿಗಿ ಹಿಡಿಯುವವರಿಗೆ ಸಲ್ಲದ ಊರು.

ಮೊದಲ ಸಲ ಬಂದವರು ಕೌಂಟರ್ ಮೇಲೆ ಜೋಡಿಸಿದ್ದನ್ನು ನೋಡಿ ಮರುಳಾಗಿ ತಟ್ಟೆ ತುಂಬಿಸಿಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಹೊರಗಿಟ್ಟಿರುವುದು ತಣ್ಣನೆಯ ತಿಂಡಿ. ನಿಜವಾದ ಅಡುಗೆ ಒಳಗಿದೆ. ಗೋಡೆಯ ಮೇಲಿನ ಕಪ್ಪು ಹಲಗೆ ನೋಡಿ, ಆಗಲೇ ಬಿಸಿಯಾಗಿ ಮಾಡಿಕೊಡುವ ಪಿಂಚೋಗಳ ಹೆಸರು ಅಲ್ಲಿರುತ್ತದೆ. ಒಂದು ಬಾರಿನಲ್ಲಿ ಒಂದು ಅಥವಾ ಎರಡು ತಿಂದು ಮುಂದೆ ಹೋಗಿ. ಪಕ್ಕದವರು ಏನು ತಿನ್ನುತ್ತಿದ್ದಾರೆ ಅಂತ ನೋಡುವುದು ಇಲ್ಲಿ ತಪ್ಪಲ್ಲ.

ತಣ್ಣನೆಯದರಲ್ಲಿ ಒಂದನ್ನು ಮಾತ್ರ ಬಿಡಬಾರದು, ಅದು ಹಿಲ್ದಾ. ಒಂದು ಕಡ್ಡಿಗೆ ಹಸಿರು ಆಲಿವ್, ಉಪ್ಪಿನಲ್ಲಿ ಕಳಿತ ಆಂಚೋವಿ ಮೀನು, ವಿನಿಗರ್‌ನಲ್ಲಿ ನೆನೆಸಿದ ಎಳೆ ಹಸಿರು ಮೆಣಸಿನಕಾಯಿ ಚುಚ್ಚಿರುತ್ತಾರೆ. ಉಪ್ಪು, ಹುಳಿ, ತುಸು ಖಾರ ಎಲ್ಲ ಒಂದೇ ಬಾಯಿಗೆ ಬರಬೇಕು, ಬಿಡಿಸಿ ತಿನ್ನುವಂತಿಲ್ಲ. ಇದು 1940ರ ದಶಕದಲ್ಲಿ ಈ ಊರಿನ ಕಾಸಾ ವಾಯೆಸ್ ಬಾರಿನಲ್ಲಿ ಹುಟ್ಟಿತು ಅನ್ನುತ್ತಾರೆ. ಜೊತೆಗೆ ಚಾಕೊಲಿ ಹೇಳಿ. ಸ್ವಲ್ಪ ಹುಳಿ, ಸ್ವಲ್ಪ ನೊರೆ ಇರುವ ಹಗುರವಾದ ಬಿಳಿ ವೈನ್. ಬಾಟಲಿಯನ್ನು ತೋಳೆತ್ತಿ ಮೇಲೆ ಹಿಡಿದು, ಅಗಲವಾದ ಲೋಟಕ್ಕೆ ಸಣ್ಣ ಧಾರೆಯಾಗಿ ಬೀಳಿಸುತ್ತಾರೆ. ಲೋಟದಲ್ಲಿ ಎರಡು ಬೆರಳಷ್ಟೇ ಇರುತ್ತದೆ, ಅದನ್ನು ನೊರೆ ಆರುವ ಮೊದಲೇ ಕುಡಿಯಬೇಕು.

ಮಾಂಸ, ಮೀನು ಬಿಟ್ಟವರಿಗೆ ಈ ಊರು ಕಷ್ಟ. ಸಲಾಡಿಗೂ ಟ್ಯೂನಾ ಬೀಳುತ್ತದೆ. ಆದರೂ ಮೊಟ್ಟೆ ತಿನ್ನುವುದಾದರೆ ಬಾರ್ ನೆಸ್ತೋರ್‌ಗೆ ಹೋಗಿ. ಅಲ್ಲಿನ ಪಟ್ಟಿ ಬಹಳ ಚಿಕ್ಕದು: ಆಲೂಗಡ್ಡೆ ತೋರ್ತಿಯಾ, ಟೊಮೆಟೊ, ಹುರಿದ ಹಸಿರು ಮೆಣಸಿನಕಾಯಿ, ದೊಡ್ಡ ಗೋಮಾಂಸದ ತುಂಡು. ತೋರ್ತಿಯಾ ಮಧ್ಯಾಹ್ನಕ್ಕೊಂದು, ರಾತ್ರಿಗೊಂದು ಮಾತ್ರ ಮಾಡುತ್ತಾರೆ. ಮುಂಚಿತವಾಗಿ ಹೋಗಿ ಹೆಸರು ಬರೆಸದಿದ್ದರೆ ಒಂದು ತುಂಡೂ ಸಿಗುವುದಿಲ್ಲ. ಸಿಕ್ಕಿದರೆ ನಡುವೆ ಇನ್ನೂ ಹಸಿಹಸಿಯಾಗಿ ಹರಿಯುವ ಹಾಗಿರುತ್ತದೆ, ಗಟ್ಟಿಯಾಗಿ ಬೆಂದ ಮೊಟ್ಟೆಯೇ ಬೇಕು ಅನ್ನುವವರಿಗೆ ಹಿಡಿಸಲಿಕ್ಕಿಲ್ಲ. ಟೊಮೆಟೊ ತಟ್ಟೆಯಲ್ಲಿ ಇರುವುದು ಎಣ್ಣೆ, ಉಪ್ಪು, ಟೊಮೆಟೊ ಅಷ್ಟೇ, ಆದರೆ ಹಣ್ಣು ಒಳ್ಳೆಯದಿದ್ದರೆ ಇನ್ನೇನೂ ಬೇಕಾಗಿಲ್ಲ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಅದೇ ಪೇಟೆಯ ಲಾ ವಿನ್ಯಾದಲ್ಲಿ ಚೀಸ್‌ಕೇಕ್ ತಿನ್ನಿ. ಮೇಲ್ಭಾಗ ಕಪ್ಪಗೆ ಸುಟ್ಟಂತಿರುವ, ಈಗ ಜಗತ್ತಿನ ಬೇಕರಿಗಳೆಲ್ಲ ಮಾಡುವ ಬಾಸ್ಕ್ ಚೀಸ್‌ಕೇಕಿನ ತವರು ಅದು.

ಲೊಗ್ರೋನ್ಯೋ, ಮ್ಯಾಡ್ರಿಡ್, ಬಾರ್ಸಿಲೋನಾ

ಲೊಗ್ರೋನ್ಯೋ ರಿಯೋಹಾ ವೈನಿನ ಊರು. ಲಾವ್ರೆಲ್ ಬೀದಿ ಚಿಕ್ಕದು, ಆದರೆ ಬಾರುಗಳು ಒತ್ತೊತ್ತಾಗಿವೆ. ಬಾರ್ ಸೊರಿಯಾನೋದ ಅಣಬೆ ಅಂದರೆ ಊರಿಗೇ ಪ್ರಸಿದ್ಧ. ಬೆಳ್ಳುಳ್ಳಿ ಎಣ್ಣೆಯಲ್ಲಿ ಕಾವಲಿಯ ಮೇಲೆ ಬೇಯಿಸಿದ ಅಣಬೆಗಳನ್ನು ಒಂದರ ಮೇಲೊಂದು ಬ್ರೆಡ್ಡಿನ ಮೇಲೆ ಪೇರಿಸಿ, ತುದಿಗೆ ಒಂದು ಸೀಗಡಿ ಚುಚ್ಚುತ್ತಾರೆ. ಸೀಗಡಿ ಬೇಡವೆಂದರೆ "ಸಿನ್ ಗಾಂಬಾ" ಅನ್ನಿ. ಕೆಂಪು ವೈನ್ ಇಷ್ಟವಿದ್ದು, ಸಾನ್ ಸೆಬಾಸ್ಟಿಯನ್‌ನ ಜನಜಂಗುಳಿ, ಬೆಲೆ ಎರಡೂ ಬೇಡ ಅನ್ನುವವರು ಇಲ್ಲಿಗೆ ಬರಬೇಕು. ಬಿಲ್ಬಾವೊದಿಂದ ಬಸ್ಸಿನಲ್ಲಿ ಸುಮಾರು ಎರಡು ಗಂಟೆ.

ಮ್ಯಾಡ್ರಿಡ್‌ನಲ್ಲಿ ಎಲ್ಲ ಊರಿನ ರುಚಿಯೂ ಸಿಗುತ್ತದೆ. ಬೇರೆಲ್ಲೂ ಹೋಗಲು ಸಮಯ ಇಲ್ಲದಿದ್ದರೆ ಇಷ್ಟೇ ಸಾಕು. ಭಾನುವಾರ ಬೆಳಿಗ್ಗೆ ಎಲ್ ರಾಸ್ತ್ರೋ ಸಂತೆ ಸುತ್ತಿ, ಮಧ್ಯಾಹ್ನ 1ಕ್ಕೆ ಲಾ ಲತೀನಾ ಕಡೆ ಬಂದು ನಲ್ಲಿಯಿಂದ ಹಿಡಿದ ವೆರ್ಮುತ್ ಕುಡಿಯುವುದು ಅಲ್ಲಿನವರ ಪದ್ಧತಿ. ಹಿಟ್ಟಿನಲ್ಲಿ ಕರಿದ ಕಾಡ್ ಮೀನಿಗೆ 1860ರ ಕಾಸಾ ಲಾಬ್ರಾ. ಸ್ಪೇನಿನ ಸಮಾಜವಾದಿ ಪಕ್ಷ 1879ರಲ್ಲಿ ಸ್ಥಾಪನೆಯಾದದ್ದೂ ಅದೇ ಜಾಗದಲ್ಲಿ. ಇನ್ನು ಎಚೆಗಾರಾಯ್ ಬೀದಿಯ ಲಾ ವೆನೆನ್ಸಿಯಾ ಪೂರ್ತಿ ಬೇರೆ ಲೋಕ. ಅಲ್ಲಿ ಶೆರಿ ಮಾತ್ರ, ಬಿಯರ್ ಕೇಳಬೇಡಿ. ಫೋಟೊ ತೆಗೆಯುವಂತಿಲ್ಲ, ಟಿಪ್ಸ್ ಕೊಡುವಂತಿಲ್ಲ. ಮಾತಾಡಿಕೊಂಡು ಒಂದು ತಾಸು ಇರಲು ನನಗೆ ಅದಕ್ಕಿಂತ ಇಷ್ಟವಾದ ಬಾರು ಆ ಊರಲ್ಲಿ ಇಲ್ಲ. ತಟ್ಟೆಗೆ ಆಲಿವ್, ಚೀಸ್ ಸಿಗುವುದರಿಂದ ಸಸ್ಯಾಹಾರಿಗೂ ತೊಂದರೆಯಿಲ್ಲ.

ಪತಾತಾಸ್ ಬ್ರಾವಾಸ್, ಅಂದರೆ ಕರಿದ ಆಲೂಗಡ್ಡೆಗೆ ಕೆಂಪು ಸಾಸ್ ಸುರಿದದ್ದು, ಸುರಕ್ಷಿತ ಅಂತ ನಾವು ಕಣ್ಣುಮುಚ್ಚಿ ಹೇಳುತ್ತೇವೆ. ಮ್ಯಾಡ್ರಿಡ್‌ನಲ್ಲಿ ಆ ಸಾಸನ್ನು ಮಾಂಸ ಬೇಯಿಸಿದ ನೀರಿನಲ್ಲಿ ಮಾಡುವವರೂ ಇದ್ದಾರೆ. ಒಮ್ಮೆ ಕೇಳಿ.

ಬಾರ್ಸಿಲೋನಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಾಪಾಸ್‌ಗಾಗಿಯೇ ಅಲ್ಲಿಗೆ ಹೋಗಬೇಕಾಗಿಲ್ಲ. ಹೋಗಿಯೇ ಹೋಗುತ್ತೀರಿ ಅಂದರೆ 1914ರಿಂದ ಇರುವ ಕಿಮೆತ್ ಇ ಕಿಮೆತ್ ಎಂಬ ಬಾಗಿಲಗಲದ ಬಾರಿನಲ್ಲಿ ನಿಂತು, ಡಬ್ಬಿ ಬಿಚ್ಚಿ ಜೋಡಿಸಿಕೊಡುವ ತುಂಡು ಬ್ರೆಡ್ಡಿನ ತಿಂಡಿ ತಿನ್ನಿ. ಟೊಮೆಟೊ ಉಜ್ಜಿ ಎಣ್ಣೆ ಹಾಕಿದ ಬ್ರೆಡ್, 'ಪಾ ಅಂಬ್ ತುಮಾಕೆತ್', ಊರಲ್ಲೆಲ್ಲ ಸಿಗುತ್ತದೆ, ಯಾವ ಅನುಮಾನವೂ ಇಲ್ಲದೆ ತಿನ್ನಬಹುದು.

ಬೀದಿಯಲ್ಲಿ ನಿಂತು ಆರಿಸುವಾಗ

ಎರಡು ಬಾರು ಅಕ್ಕಪಕ್ಕ ಇವೆ, ಯಾವುದಕ್ಕೆ ನುಗ್ಗುವುದು? ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುವವರಿದ್ದರೆ ಬೇಡ. ಫೋಟೊ ಹಾಕಿದ ಮೆನು, ರಾತ್ರಿ 9ಕ್ಕೂ ಪಾಯೆಯಾ (ಅಗಲ ಬಾಣಲೆಯಲ್ಲಿ ಬೇಯಿಸಿದ ಅನ್ನದ ಅಡುಗೆ) ಬೋರ್ಡು ಇದ್ದರೆ ಬೇಡ, ಪಾಯೆಯಾ ಅಲ್ಲಿನವರು ಮಧ್ಯಾಹ್ನ ಉಣ್ಣುವಂಥದ್ದು. ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಕೌಂಟರಿನಲ್ಲಿ ಹಿರಿಯರು ನಿಂತಿದ್ದರೆ ಇನ್ನೂ ಒಳ್ಳೆಯದು. ನೆಲದ ಮೇಲೆ ಕಾಗದದ ಕರವಸ್ತ್ರ ಬಿದ್ದಿದ್ದರೆ ಗಲೀಜು ಅಂತ ಹಿಂದೆ ಸರಿಯಬೇಡಿ, ಹಳೇ ಬಾರುಗಳಲ್ಲಿ ಅದು ಜನ ಬಂದು ಹೋಗಿದ್ದರ ಗುರುತು.

ಒಳಗೆ ಸಾಲು ಇರುವುದಿಲ್ಲ. ಕೌಂಟರಿನವರ ಕಣ್ಣಿಗೆ ಬಿದ್ದು, ಒಮ್ಮೆ ತಲೆಯಾಡಿಸಿದರೆ ನಿಮ್ಮ ಸರದಿ ಅವರ ನೆನಪಲ್ಲಿರುತ್ತದೆ. "ಉನಾ ಕಾನ್ಯಾ, ಪೋರ್ ಫಾವೋರ್" ಅಂದರೆ ಚಿಕ್ಕ ಲೋಟದ ಬಿಯರ್ ಬರುತ್ತದೆ, ಸುಮಾರು 200 ಮಿಲಿ. ದೊಡ್ಡದು ಕೇಳಬೇಡಿ, ಅರ್ಧಕ್ಕೇ ಬೆಚ್ಚಗಾಗುತ್ತದೆ. ದುಡ್ಡು ಕೊಡುವುದು ಕೊನೆಗೆ, ತೆರಿಗೆ ಬೆಲೆಯಲ್ಲೇ ಸೇರಿರುತ್ತದೆ, ಟಿಪ್ಸ್ ನಿಮ್ಮಿಷ್ಟ.

ಎಂಟು ಹತ್ತು ಜನರ ಗುಂಪಾದರೆ ಇಂಥ ಪುಟ್ಟ ಬಾರುಗಳು ಆಗಿಬರುವುದಿಲ್ಲ. ಮೂರು ಮೂರು ಜನರಾಗಿ ಹಂಚಿಕೊಂಡು ಬೇರೆ ಬೇರೆ ಬಾರಿಗೆ ಹೋಗಿ, ಒಂದು ಗಂಟೆ ಬಿಟ್ಟು ಎಲ್ಲಾದರೂ ಸೇರಿ. ಎಲ್ಲರೂ ಒಟ್ಟಿಗೇ ಇರಬೇಕೆಂದರೆ ಸೆವಿಲ್‌ನಲ್ಲಿ ಒಂದು ಮೇಜು ಮುಂಚೆಯೇ ಹೇಳಿಟ್ಟು, ರಾಸಿಯೋನ್ ಅಳತೆಯಲ್ಲಿ ತರಿಸಿ ಹಂಚಿಕೊಳ್ಳಿ. ಸಸ್ಯಾಹಾರಿಗಳನ್ನು ಮೇಜಿನ ಒಂದೇ ತುದಿಗೆ ಕೂರಿಸಿದರೆ ಪಾಲಕ್ ತಟ್ಟೆ ಅವರ ಕೈಗೇ ಸಿಗುತ್ತದೆ.